ಮೊದಲು ರೈಲು, ಆಮೇಲೆ ಕಡತ

ಗಂಡನೋ ಹೆಂಡತಿಯೋ ಯುದ್ಧದ ನಾಡಿನಲ್ಲಿ ಸಿಕ್ಕಿಕೊಂಡಿದ್ದು, ಅವರ ವಲಸೆ ಅರ್ಜಿ ಅಮೆರಿಕದ ಸಾಲಿನಲ್ಲಿ ಕೂತಿರುವವರು ಆಗಾಗ ನನಗೆ ಫೋನ್ ಮಾಡುತ್ತಾರೆ. ಕಡತವನ್ನು ಬೇಗ ನೋಡಿ ಎಂದು ಕೇಳುವ ಎಕ್ಸ್‌ಪೆಡೈಟ್ ಕೋರಿಕೆಯಲ್ಲಿ ಏನು ಬರೆಯಬೇಕು ಎಂಬುದು ಅವರ ಮೊದಲ ಪ್ರಶ್ನೆ. ನನ್ನ ಮೊದಲ ಪ್ರಶ್ನೆ ಬೇರೆ: ಸಿಕ್ಕಿಕೊಂಡಿರುವವರು ಈಗ ಎಲ್ಲಿದ್ದಾರೆ, ಅಲ್ಲಿಂದ ಹೊರಡಲು ದಾರಿ ಇದೆಯೇ?

ನಾನು ದಾವಣಗೆರೆಯವನು, ಈಗ ಅಮೆರಿಕದ ಪೌರ. ಹೆಂಡತಿ ಉಕ್ರೇನಿನ ಖಾರ್ಕಿವ್‌ನವಳು. ಒಂದೇ ಸಾಫ್ಟ್‌ವೇರ್ ಪ್ರಾಜೆಕ್ಟಿನಲ್ಲಿ ಪರಿಚಯವಾಗಿ 2021ರಲ್ಲಿ ಮದುವೆಯಾದೆವು. ಆ ವರ್ಷವೇ ಅವಳನ್ನು ಕರೆಸಿಕೊಳ್ಳಲು ಐ-130 ಎಂಬ ವಲಸೆ ಅರ್ಜಿ ಹಾಕಿದೆ. 2022ರ ಫೆಬ್ರುವರಿ 24ರಂದು ರಷ್ಯಾ ನುಗ್ಗಿದಾಗ ಅವಳೂ ಅವಳ ತಾಯಿಯೂ ಖಾರ್ಕಿವ್‌ನ ಉತ್ತರ ಸಾಲ್ತಿವ್ಕಾ ಬಡಾವಣೆಯ ಫ್ಲಾಟ್ ಬಿಟ್ಟು ಮೆಟ್ರೋ ನಿಲ್ದಾಣದಲ್ಲಿ ಮಲಗತೊಡಗಿದರು. ಮಾರ್ಚ್ 1ರಂದು ಅದೇ ಊರಿನಲ್ಲಿ ದಿನಸಿಗೆಂದು ಹೊರಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಟಿವಿಯಲ್ಲಿ ಸುದ್ದಿ ನೋಡಿದ ನನ್ನ ಅಮ್ಮ ದಾವಣಗೆರೆಯಿಂದ ಫೋನ್ ಮಾಡಿ, "ಕಾಗದಪತ್ರ ಆಮೇಲೆ ನೋಡ್ಕೊ, ಮೊದ್ಲು ಆ ಹುಡುಗೀನ ಅಲ್ಲಿಂದ ಹೊರಡ್ಸು" ಎಂದಳು.

ಅಮ್ಮನ ಮಾತು ಸರಳವಾಗಿತ್ತು, ಆದರೆ ಆಗ ನಮ್ಮ ಸುತ್ತಲಿನವರ ಸಲಹೆ ಅದಕ್ಕೆ ತದ್ವಿರುದ್ಧ. ಗಡಿ ದಾಟಿ ಪೋಲೆಂಡಿಗೆ ಹೋದರೆ ಅವಳು ಸುರಕ್ಷಿತಳಾದಂತೆ, ಆಮೇಲೆ ತುರ್ತು ಎಂದು ಯಾರು ಒಪ್ಪುತ್ತಾರೆ ಎಂದು ಹಲವರು ಹೆದರಿಸಿದರು. ಕೋರಿಕೆಗೆ ಬಲ ಬರಲೆಂದು ಒಂದು ಜೀವವನ್ನು ಶೆಲ್ ಬೀಳುವ ಊರಿನಲ್ಲಿ ಉಳಿಸಿಕೊಳ್ಳುವುದೇ? ಆ ಲೆಕ್ಕಾಚಾರ ನನಗೆ ಇಂದಿಗೂ ಸಹಿಸಲಾಗದ್ದು. ತಾಯಿ ಮಗಳು ಇಬ್ಬರೂ ಕಿಕ್ಕಿರಿದ ರೈಲಿನಲ್ಲಿ ಲ್ವಿವ್ ತಲುಪಿ, ಅಲ್ಲಿಂದ ಪೋಲೆಂಡಿನ ಪ್ಷೆಮಿಷ್ಲ್‌ಗೆ ಬಂದರು. ಮಾರ್ಚ್ 4ರಂದು ಐರೋಪ್ಯ ಒಕ್ಕೂಟ ಉಕ್ರೇನಿಯನ್ನರಿಗೆ ತಾತ್ಕಾಲಿಕ ರಕ್ಷಣೆಯ ವ್ಯವಸ್ಥೆಯನ್ನು ಜಾರಿಗೆ ತಂದಿದ್ದರಿಂದ ಅಲ್ಲಿ ಇರಲು ಕಾನೂನಿನ ತೊಡಕು ಬರಲಿಲ್ಲ.

ಕೋರಿಕೆಯನ್ನು ನಾವು ಬರೆದದ್ದು ಪೋಲೆಂಡಿನ ಬಾಡಿಗೆ ಕೋಣೆಯ ವಿಳಾಸದಿಂದಲೇ. ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್‌ನಲ್ಲಿ ಎಕ್ಸ್‌ಪೆಡೈಟ್ ಕೋರಿಕೆಗೆ ಶುಲ್ಕವಿಲ್ಲ, ಒಪ್ಪುವುದು ಬಿಡುವುದು ಸಂಪೂರ್ಣ ಅವರ ವಿವೇಚನೆ, ನಿರಾಕರಿಸಿದರೆ ಮೇಲ್ಮನವಿಯೂ ಇಲ್ಲ. ಐ-130ಗೆ ದುಡ್ಡು ಕಟ್ಟಿ ಬೇಗ ಮಾಡಿಸಿಕೊಳ್ಳುವ ಪ್ರೀಮಿಯಂ ಸೌಲಭ್ಯವೂ ಇಲ್ಲ. ತುರ್ತು ಮಾನವೀಯ ಕಾರಣ ಎಂಬುದು ಅವರು ಪರಿಗಣಿಸುವ ಆಧಾರಗಳಲ್ಲೊಂದು. ಆದರೆ ಯುದ್ಧ ನಡೆಯುತ್ತಿದೆ ಎಂದು ಪುಟಗಟ್ಟಲೆ ಪತ್ರಿಕಾ ವರದಿ ಲಗತ್ತಿಸಿ ಪ್ರಯೋಜನ ಕಡಿಮೆ. ಆ ಯುದ್ಧದಲ್ಲಿ ಲಕ್ಷಾಂತರ ಜನರಿದ್ದರು; ಅಧಿಕಾರಿಯ ಮುಂದಿದ್ದದ್ದು ಒಬ್ಬಳ ಕಡತ. ಅವಳಿಗೆ ಏನಾಗಿದೆ ಎಂಬುದಕ್ಕೆ ದಾಖಲೆ ಬೇಕು.

ನಮ್ಮ ಪತ್ರ ಒಂದೂವರೆ ಪುಟದ್ದು. ಸಾಲ್ತಿವ್ಕಾದ ಫ್ಲಾಟಿನ ಬಾಡಿಗೆ ಕರಾರು, ಅದೇ ವಿಳಾಸದ ಕಟ್ಟಡದ ಕಿಟಕಿಗಳೆಲ್ಲ ಒಡೆದು ಪರದೆ ಹೊರಗೆ ಜೋತಾಡುತ್ತಿದ್ದ ಫೋಟೊ, ಗಡಿಯಲ್ಲಿ ಪಾಸ್‌ಪೋರ್ಟಿಗೆ ಬಿದ್ದ ಮುದ್ರೆ. ಅವಳು ದಿನವೂ ಥೈರಾಯ್ಡ್ ಮಾತ್ರೆ ನುಂಗುವವಳು. ಖಾರ್ಕಿವ್‌ನ ಔಷಧಿ ಅಂಗಡಿಗಳಲ್ಲಿ ಅದು ಸಿಗದೆ ಡೋಸ್ ತಪ್ಪಿತ್ತು. ಪೋಲಿಷ್ ವೈದ್ಯರೊಬ್ಬರು ರಕ್ತಪರೀಕ್ಷೆಯ ಅಂಕಿಗಳ ಸಮೇತ ನಾಲ್ಕು ಸಾಲು ಬರೆದುಕೊಟ್ಟರು. ನನ್ನ ಮಟ್ಟಿಗೆ ಇಡೀ ಕಟ್ಟಿನಲ್ಲಿ ಹೆಚ್ಚು ತೂಕದ ಹಾಳೆ ಅದೇ. ಉಕ್ರೇನಿಯನ್, ಪೋಲಿಷ್ ಕಾಗದ ಒಂದೊಂದಕ್ಕೂ ಇಂಗ್ಲಿಷ್ ಅನುವಾದ, ಅದರ ಕೆಳಗೆ ಅನುವಾದಕರ ದೃಢೀಕರಣ ಮತ್ತು ಸಹಿ ಇರಲೇಬೇಕು, ನೋಟರಿ ಮಾಡಿಸಬೇಕಿಲ್ಲ. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ನಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಟ್ಟೆ. ಹೀಗೇ ಮಾಡಿ ಎಂದು ಆದೇಶಿಸಲು ಅವರಿಗೆ ಬರುವುದಿಲ್ಲ, ಆದರೆ ಕಡತ ಯಾವ ಮೇಜಿನ ಮೇಲಿದೆ ಎಂದು ವಿಚಾರಿಸಬಲ್ಲರು.

ಐ-130 ಅರ್ಜಿ ಮಂಜೂರಾಯಿತು. ಅಲ್ಲಿಗೆ ಆತುರದ ಮುದ್ರೆ ಕಡತದ ಜೊತೆ ಮುಂದಕ್ಕೆ ಹೋಗುತ್ತದೆ ಎಂದು ಬಹಳ ಜನ ನಿರಾಳವಾಗುತ್ತಾರೆ. ಹೋಗುವುದಿಲ್ಲ. ಮುಂದಿನ ಮೆಟ್ಟಿಲು ವಿದೇಶಾಂಗ ಇಲಾಖೆಯ ನ್ಯಾಷನಲ್ ವೀಸಾ ಸೆಂಟರ್. ಅದು ಬೇರೆಯೇ ಇಲಾಖೆ. ಅಲ್ಲಿ ಮತ್ತೆ ಕೇಳಬೇಕು, ಅವರು ಅದನ್ನು ಕಾನ್ಸುಲೇಟಿಗೆ ಕಳಿಸುತ್ತಾರೆ, ತೀರ್ಮಾನ ಅಲ್ಲಿಯವರದು. ಕೀವ್‌ನಲ್ಲಿ ವೀಸಾ ಕೆಲಸ ನಿಂತಿದ್ದರಿಂದ ಉಕ್ರೇನಿನ ವಲಸೆ ವೀಸಾಗಳನ್ನು ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ವಹಿಸಿದ್ದರು. ಎಕ್ಸ್‌ಪೆಡೈಟ್ ಸಿಕ್ಕರೂ ಕಡಿಮೆಯಾಗುವುದು ಕಾಯುವ ಕಾಲ ಮಾತ್ರ. ವೀಸಾ ಅರ್ಜಿ ನಮೂನೆ ಡಿಎಸ್-260, ನನ್ನ ಆದಾಯ ತೋರಿಸುವ ಹೊಣೆಪತ್ರ ಐ-864, ಪೊಲೀಸ್ ಪ್ರಮಾಣಪತ್ರ, ಗೊತ್ತುಪಡಿಸಿದ ವೈದ್ಯರಲ್ಲಿ ತಪಾಸಣೆ, ಇವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಇವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳದವರಿಗೆ ಬೇಗ ಬಂದ ಸರದಿಯೂ ಕೈತಪ್ಪುತ್ತದೆ.

ನಿಜವಾಗಿ ನಿದ್ದೆಗೆಡಿಸಿದ್ದು ಅತ್ತೆಯ ವಿಷಯ. ಪೌರರ ಸಂಗಾತಿಯ ವೀಸಾದಲ್ಲಿ ಆ ಸಂಗಾತಿಗೆ ಮಾತ್ರ ಜಾಗ. ಮಗಳು ವೀಸಾ ಹಿಡಿದು ವಿಮಾನ ಹತ್ತಿದರೆ, ಪೋಲಿಷ್ ಬಾರದ, ಮೆಟ್ರೋ ನಿಲ್ದಾಣದಲ್ಲಿ ಮಗಳ ಕೈ ಹಿಡಿದೇ ಮಲಗುತ್ತಿದ್ದ ತಾಯಿ ಪರದೇಶದಲ್ಲಿ ಒಬ್ಬಳೇ. ಏಪ್ರಿಲ್ 21ರಂದು ಯುನೈಟಿಂಗ್ ಫಾರ್ ಯುಕ್ರೇನ್ ಯೋಜನೆ ಪ್ರಕಟವಾದಾಗ ಉಸಿರು ಬಂದಂತಾಯಿತು. ಅಮೆರಿಕದಲ್ಲಿರುವ ಒಬ್ಬರು ಖರ್ಚಿನ ಹೊಣೆ ಹೊತ್ತರೆ 2 ವರ್ಷದವರೆಗಿನ ಪರೋಲ್, ಅಂದರೆ ತಾತ್ಕಾಲಿಕ ಪ್ರವೇಶಾನುಮತಿ, ಆಗ ಸಿಗುತ್ತಿತ್ತು, ಶುಲ್ಕವಿರಲಿಲ್ಲ. ಅತ್ತೆಯ ಹೊಣೆಗಾರನಾಗಿ ನಾನು ಐ-134 ನಮೂನೆ ತುಂಬಿದೆ. ಹೆಂಡತಿಯ ಕಡತ ಎಲ್ಲಾದರೂ ಸಿಕ್ಕಿಹಾಕಿಕೊಂಡಿದ್ದರೆ ಅವಳನ್ನೂ ಈ ದಾರಿಯಲ್ಲೇ ಕರೆಸಿ, ಇಲ್ಲಿಂದಲೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುತ್ತಿದ್ದೆ. ಒಂದೇ ಬಾಗಿಲು ಬಡಿಯುತ್ತಾ ಕೂರಬೇಡಿ ಎಂದು ಫೋನ್ ಮಾಡುವವರಿಗೆ ಹೇಳುವುದು ಇದಕ್ಕೇ.

ಇಬ್ಬರೂ ಈಗ ನನ್ನ ಜೊತೆ ಇದ್ದಾರೆ. ಆದರೆ ಅತ್ತೆಗೆ ಸಿಕ್ಕ ಪರೋಲ್ ಎಂದರೆ ಕಾಯಂ ನೆಲೆಯಲ್ಲ, ಅವಧಿ ಮುಗಿಯುವ ಮುನ್ನ ಮತ್ತೆ ಕೇಳಬೇಕು. ಅಳಿಯನಾದ ನಾನು ಅತ್ತೆಗಾಗಿ ವಲಸೆ ಅರ್ಜಿ ಹಾಕುವಂತಿಲ್ಲ. ಮಗಳೇ ಹಾಕಬೇಕು, ಅದಕ್ಕೆ ಅವಳು ಪೌರಳಾಗಬೇಕು. ಪೌರರನ್ನು ಮದುವೆಯಾಗಿ ಜೊತೆಗಿರುವವರಿಗೆ ಗ್ರೀನ್ ಕಾರ್ಡ್ ಬಂದ ಮೇಲೆ 3 ವರ್ಷದ ನಿಯಮ. ತಾಯಿ ಮಗಳ ಸಂಬಂಧಕ್ಕೆ ಪುರಾವೆಯಾಗಿ ಬೇಕಾಗುವ ಜನನ ಪ್ರಮಾಣಪತ್ರವನ್ನು ಅನುವಾದ ಮಾಡಿಸಿ, ಸಹಿ ಹಾಕಿಸಿ ಈಗಲೇ ಇಟ್ಟುಕೊಂಡಿದ್ದೇವೆ.