ನಿಮಿಷ ಕಡಿಮೆಯಾದರೆ ಇನ್ನೇನು ಬದಲಾಗುತ್ತದೆ?

ಪ್ರಶ್ನೆ: ಕಿರುಚಿತ್ರಕ್ಕೂ ಪೂರ್ಣಪ್ರಮಾಣದ ಚಲನಚಿತ್ರಕ್ಕೂ ಇರುವ ವ್ಯತ್ಯಾಸ ಅವಧಿಯದ್ದು ಮಾತ್ರವೇ? ಎಷ್ಟು ನಿಮಿಷದವರೆಗೆ ಕಿರುಚಿತ್ರ? ಸಣ್ಣಕಥೆಯನ್ನು ಸಿನಿಮಾ ಮಾಡಿದರೆ ಅದು ಕಿರುಚಿತ್ರವೇ ಆಗಬೇಕಲ್ಲವೇ?

ಉತ್ತರ: ಒಂದೇ ಪತ್ರದಲ್ಲಿ ಮೂರು ಪ್ರಶ್ನೆ ಕೇಳಿದ್ದೀರಿ, ಸಂತೋಷ. ಸುಲಭವಾದದ್ದರಿಂದ ಶುರು ಮಾಡೋಣ.

ಎಷ್ಟು ನಿಮಿಷ ಎಂಬುದಕ್ಕೆ ಜಗತ್ತಿಗೆಲ್ಲ ಒಂದೇ ಲೆಕ್ಕವಿಲ್ಲ. ಆಸ್ಕರ್ ಪ್ರಶಸ್ತಿ ನೀಡುವ ಅಕಾಡೆಮಿಯ ಪ್ರಕಾರ, ಕೊನೆಯ ಹೆಸರುಗಳ ಪಟ್ಟಿಯೂ ಸೇರಿ 40 ನಿಮಿಷ ಮೀರದಿದ್ದರೆ ಅದು ಕಿರುಚಿತ್ರ. ನಮ್ಮಲ್ಲಿ 1983ರ ಸೆನ್ಸಾರ್ ನಿಯಮಗಳು ಗಡಿಯಾರ ನೋಡದೆ ರೀಲನ್ನೇ ಅಳೆದವು. 35 ಎಂಎಂ ರೀಲು 2000 ಮೀಟರ್ ದಾಟಿದರೆ ದೀರ್ಘಚಿತ್ರ, ಇಲ್ಲವಾದರೆ ಕಿರುಚಿತ್ರ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಆ 2000 ಮೀಟರ್ ಓಡಲು ಸುಮಾರು 73 ನಿಮಿಷ ಬೇಕು. ಹೀಗಾಗಿ 55 ನಿಮಿಷದ ಚಿತ್ರವೊಂದು ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದು. ಈ ಗೆರೆಗಳೆಲ್ಲ ಪ್ರಶಸ್ತಿ, ಪ್ರಮಾಣಪತ್ರಗಳ ಅನುಕೂಲಕ್ಕೆ ಎಳೆದವು. ಹಾಗೆ ನೋಡಿದರೆ ಸಿನಿಮಾ ಹುಟ್ಟಿದ್ದೇ ಚಿಕ್ಕದಾಗಿ. 1895ರಲ್ಲಿ ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ತೋರಿಸಿದ ಚಿತ್ರಗಳು ಒಂದೊಂದೂ ಒಂದು ನಿಮಿಷದ ಒಳಗಿನವು.

ಇನ್ನು ನಿಮ್ಮ ಮೊದಲ ಪ್ರಶ್ನೆ. ವ್ಯತ್ಯಾಸ ಅವಧಿಯಿಂದ ಶುರುವಾಗುತ್ತದೆ ನಿಜ, ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಇದಕ್ಕೆ ಕನ್ನಡದ್ದೇ ಒಂದು ಒಳ್ಳೆಯ ಉದಾಹರಣೆಯಿದೆ. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದುವಾಗ ಮಾಡಿದ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ' ಚಿತ್ರಕ್ಕೆ 2024ರ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಹೆಸರು ಇಂಗ್ಲಿಷಿನಲ್ಲಿದ್ದರೂ ಚಿತ್ರ ಕನ್ನಡದ್ದು. ಅವಧಿ 16 ನಿಮಿಷ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ, ಊರಿಗೆ ಬೆಳಗಾಗುವುದೇ ನಿಂತುಹೋಗುತ್ತದೆ. ತನ್ನ ಕೋಳಿ ಕೂಗದಿದ್ದರೆ ಸೂರ್ಯ ಹುಟ್ಟುವುದಿಲ್ಲ ಎಂದುಕೊಂಡ ಅಜ್ಜಿಯ ಕಥೆಯನ್ನು ನೀವೂ ಚಿಕ್ಕಂದಿನಲ್ಲಿ ಕೇಳಿರುತ್ತೀರಿ. ಅಲ್ಲಿ ನಗೆಪಾಟಲಾದ ಆ ನಂಬಿಕೆ ಇಲ್ಲಿ ನಿಜವೇ ಆಗಿಬಿಡುತ್ತದೆ.

ಇದೇ ಕಥೆಯನ್ನು ಎರಡೂವರೆ ಗಂಟೆಗೆ ಹಿಗ್ಗಿಸಿದರೆ ಏನಾದೀತು, ಸ್ವಲ್ಪ ಯೋಚಿಸಿ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಾವು ಕೇಳಲು ಶುರು ಮಾಡುತ್ತೇವೆ: ಪಕ್ಕದ ಊರಿಗೂ ಬೆಳಗಾಗಲಿಲ್ಲವೇ? ಹೊಲದ ಪೈರು ಏನಾಯಿತು? ಇನ್ನೊಂದು ಹುಂಜ ತಂದರೆ ಆಗದೇ? ದೊಡ್ಡ ಚಿತ್ರ ಇವಕ್ಕೆಲ್ಲ ಉತ್ತರ ಹೊಂದಿಸಬೇಕು, ಅದಕ್ಕಾಗಿ ಇನ್ನಷ್ಟು ಪಾತ್ರ, ಇನ್ನಷ್ಟು ಊರು, ಒಂದು ಉಪಕಥೆ ತರಬೇಕು. ಹದಿನಾರು ನಿಮಿಷದ ಚಿತ್ರಕ್ಕೆ ಆ ಹೊಣೆಯಿಲ್ಲ. 'ಹೀಗೆಂದುಕೊಳ್ಳಿ' ಎಂದು ಒಂದೇ ಒಂದು ಷರತ್ತು ಮುಂದಿಡುತ್ತದೆ, ನಾವು ಒಪ್ಪುತ್ತೇವೆ, ಪ್ರಶ್ನೆಗಳು ಏಳುವ ಮೊದಲೇ ಚಿತ್ರ ಮುಗಿದಿರುತ್ತದೆ. ನನ್ನ ಮಟ್ಟಿಗೆ ಮುಖ್ಯ ವ್ಯತ್ಯಾಸ ಇದು. ಪಾತ್ರದ ಹಿನ್ನೆಲೆ, ಊರಿನ ಪರಿಚಯ ಇವನ್ನೆಲ್ಲ ಕಿರುಚಿತ್ರ ನೋಡುವವರ ಊಹೆಗೆ ಬಿಡುತ್ತದೆ. ಪೂರ್ಣಪ್ರಮಾಣದ ಚಿತ್ರ ಅವನ್ನು ತಾನೇ ಕಟ್ಟಿಕೊಡಬೇಕು, ಕಟ್ಟಿದ್ದನ್ನು ಕೊನೆಯವರೆಗೆ ಬೆಳೆಸಬೇಕು.

ನಿಮ್ಮ ಮೂರನೆಯ ಪ್ರಶ್ನೆಯಲ್ಲಿರುವ ಗೊಂದಲ ಸಹಜವಾದದ್ದೇ, ಬಹಳ ಜನರಲ್ಲಿದೆ. ಕಥೆಯ ಪುಟಗಳಿಗೂ ಚಿತ್ರದ ನಿಮಿಷಗಳಿಗೂ ನೇರ ಸಂಬಂಧವಿಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ' ಒಂದು ಸಣ್ಣಕಥೆ. ಗಿರೀಶ ಕಾಸರವಳ್ಳಿಯವರು ಅದರಿಂದ ಮಾಡಿದ್ದು ಪೂರ್ಣಪ್ರಮಾಣದ ಚಿತ್ರ, ಅದಕ್ಕೆ ಸ್ವರ್ಣಕಮಲವೂ ಬಂತು. ನಿವೃತ್ತ ನೌಕರನೊಬ್ಬ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಮನೆಯಲ್ಲಿ ಹೆಂಡತಿಯ ಕಾಯಿಲೆ ಏರುತ್ತಾ ಹೋಗುತ್ತದೆ. 'ಪಿಂಚಣಿ ಬರಲು ತಡವಾಯಿತು' ಎಂದು ಬರೆಯಲು ಕಥೆಗಾರನಿಗೆ ಒಂದು ವಾಕ್ಯ ಸಾಕು. ತೆರೆಯ ಮೇಲೆ ಆ ತಡ ನಮಗೂ ತಟ್ಟಬೇಕಾದರೆ ತಬರ ಮತ್ತೆ ಮತ್ತೆ ಅದೇ ಮೆಟ್ಟಿಲು ಹತ್ತಬೇಕು, ಮತ್ತೆ ಮತ್ತೆ ಬರಿಗೈಯಲ್ಲಿ ಇಳಿಯಬೇಕು. ಹದಿನೈದು ನಿಮಿಷದಲ್ಲಿ ಅವನ ಕಷ್ಟ ತಿಳಿದೀತು, ಅವನ ಕಾಯುವಿಕೆ ತಿಳಿಯದು. ಇನ್ನು 1976ರ 'ಕಥಾಸಂಗಮ'ದಲ್ಲಿ ಪುಟ್ಟಣ್ಣ ಕಣಗಾಲರು ಮೂರು ಸಣ್ಣಕಥೆಗಳನ್ನು ಬೇರೆಬೇರೆಯಾಗಿಯೇ ಹೇಳಿ ಒಂದೇ ಚಿತ್ರವಾಗಿ ಥಿಯೇಟರಿಗೆ ತಂದರು. ಹಾಗೆ ಜೋಡಿಸಿದ್ದಕ್ಕೆ ಟಿಕೆಟ್ ಮಾರಬಹುದು, ಒಂದೇ ಕಿರುಚಿತ್ರಕ್ಕೆ ಮಾರುವುದು ಕಷ್ಟ.

ವ್ಯವಹಾರದ ಈ ಮಾತನ್ನೂ ಮರೆಯುವಂತಿಲ್ಲ. ಥಿಯೇಟರಿನ ಗಳಿಕೆ ಇಲ್ಲದ್ದರಿಂದ ಕಿರುಚಿತ್ರಕ್ಕೆ ಹಣ ಹಾಕುವವರು ಕಡಿಮೆ. ಚಿದಾನಂದರ ಚಿತ್ರದ ಶೂಟಿಂಗ್ ಮುಗಿದದ್ದು ನಾಲ್ಕೇ ದಿನದಲ್ಲಿ. ಆದರೆ ಅಲ್ಲಿ ಇಂಟರ್ವಲ್‌ಗೆ ತಿರುವು ಕೊಡುವ, ಹೀರೋಗೆ ಎಂಟ್ರಿ ಕೊಡುವ, ಹಾಡಿಗೆ ಜಾಗ ಹುಡುಕುವ ಒತ್ತಾಯವೂ ಇಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಆಸೆಯಿದ್ದರೆ ಅಮೆರಿಕದ ಡೇಮಿಯನ್ ಶಝೆಲ್ ಅವರ 'ವಿಪ್‌ಲ್ಯಾಶ್' ಹುಡುಕಿ. ದೊಡ್ಡ ಚಿತ್ರದ ಚಿತ್ರಕಥೆ ಸಿದ್ಧವಿತ್ತು, ಹಣವಿರಲಿಲ್ಲ. ಅದರಿಂದ ಒಂದು ದೃಶ್ಯವನ್ನಷ್ಟೇ ತೆಗೆದು 18 ನಿಮಿಷದ ಕಿರುಚಿತ್ರ ಮಾಡಿದರು, 2013ರ ಸನ್‌ಡ್ಯಾನ್ಸ್ ಉತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಸಿಕ್ಕಿತು, ಮರುವರ್ಷ ದೊಡ್ಡ ಚಿತ್ರವೂ ಬಂತು. ಕಿರುಚಿತ್ರದಲ್ಲಿ ಇರುವುದು ಸಂಗೀತ ಶಾಲೆಯ ಒಂದು ತಾಲೀಮು: ಡ್ರಮ್ಸ್ ನುಡಿಸುವ ಹುಡುಗ, ಅವನ ಮೇಲೆ ಎರಗುವ ಮೇಷ್ಟ್ರು. ದೊಡ್ಡ ಚಿತ್ರದಲ್ಲಿ ಹುಡುಗನಿಗೆ ಅಪ್ಪನಿದ್ದಾನೆ, ಅವನು ದೂರ ಮಾಡಿಕೊಳ್ಳುವ ಗೆಳತಿಯಿದ್ದಾಳೆ. ಆ ತಾಲೀಮಿನ ದೃಶ್ಯ ಎರಡರಲ್ಲೂ ಇದೆ, ಮೇಷ್ಟ್ರ ಪಾತ್ರದಲ್ಲಿ ಎರಡರಲ್ಲೂ ಜೆ.ಕೆ. ಸಿಮನ್ಸ್ ಇದ್ದಾರೆ. ಮೊದಲು ಕಿರುಚಿತ್ರವನ್ನೇ ನೋಡಿ. ಆ ಹುಡುಗ ಯಾರು, ಎಲ್ಲಿಂದ ಬಂದ ಎಂದು ತಿಳಿಯದಿದ್ದರೂ ಅವನು ಅವಮಾನ ನುಂಗುವುದನ್ನು ಕಂಡು ನಿಮಗೆ ಸಂಕಟವಾದೀತು. ದೊಡ್ಡ ಚಿತ್ರದಲ್ಲಿ ಅದೇ ದೃಶ್ಯ ಬಂದಾಗ, ಇವನು ನಾಳೆ ಮತ್ತೆ ಈ ಕೋಣೆಗೆ ಬರುತ್ತಾನೋ ಇಲ್ಲವೋ ಎಂಬ ಚಿಂತೆಯೂ ಅದರ ಜೊತೆಗೆ ಸೇರಿಕೊಂಡಿರುತ್ತದೆ.