ಸಮಚಿಹ್ನೆಯ ಅಕ್ಕಪಕ್ಕದ ಜಾಗ: ಶೆಲ್ ಸ್ಕ್ರಿಪ್ಟ್ ಪಾಠದ ಒಂದು ಅನುಭವ

ತರಗತಿ: 9. ಅವಧಿ: 40 ನಿಮಿಷ. ಪಾಠ: ಕಡತ ತಿದ್ದುವುದು ಮತ್ತು ಶೆಲ್ ಸ್ಕ್ರಿಪ್ಟ್‌ನಲ್ಲಿ ಚರಾಕ್ಷರ.

ಪಾಠಯೋಜನೆಯ 'ಪೂರ್ವಜ್ಞಾನ' ಅಂಕಣದಲ್ಲಿ ನಾನು ಬರೆದದ್ದು ಒಂದೇ ಸಾಲು: ವಿದ್ಯಾರ್ಥಿಗಳು ಬೀಜಗಣಿತದಲ್ಲಿ ಚರಾಕ್ಷರವನ್ನು ಕಲಿತಿದ್ದಾರೆ. ಪಾಠ ಎಡವಿದ್ದು ಅಲ್ಲಿಯೇ.

ಕಡತದ ಕೆಲಸ ಸರಾಗವಾಗಿ ಸಾಗಿತು. ನ್ಯಾನೋದಲ್ಲಿ ಸಾಲು ಬರೆದು, ಕಂಟ್ರೋಲ್ ಜೊತೆ 'ಓ' ಒತ್ತಿ ಎಂಟರ್ ಕೊಟ್ಟರೆ ಕಡತ ಉಳಿಯುತ್ತದೆ. ಕಂಟ್ರೋಲ್ ಜೊತೆ 'ಎಕ್ಸ್' ಒತ್ತಿದರೆ ಹೊರಬರುತ್ತೇವೆ. ಕೀಲಿಗಳ ಪಟ್ಟಿ ಪರದೆಯ ಕೆಳಗೇ ಇರುತ್ತದೆ, ಬಾಯಿಪಾಠ ಮಾಡಿಸಬೇಕಿಲ್ಲ. ಆಮೇಲೆ 'ಬ್ಯಾಷ್' ಎಂದು ಬರೆದು ಕಡತದ ಹೆಸರು ಕೊಟ್ಟರೆ ಸ್ಕ್ರಿಪ್ಟ್ ನಡೆಯುತ್ತದೆ.

ನಂತರ ಕರಿಹಲಗೆಯ ಮೇಲೆ ಎರಡು ಸಾಲು ಬರೆದೆ. (ಚರಾಕ್ಷರದ ಹೆಸರು ಕಡತದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು, ಇಲ್ಲಿ ಓದಲೆಂದು ಕನ್ನಡದಲ್ಲಿ ಕೊಟ್ಟಿದ್ದೇನೆ.)

ಊರು=ಹಾಸನ
ಎಕೋ "$ಊರು"

ಹೆಚ್ಚಿನ ಮಕ್ಕಳು ಸಮಚಿಹ್ನೆಯ ಎರಡೂ ಬದಿ ಜಾಗ ಬಿಟ್ಟಿದ್ದರು. ಗಣಿತದ ಪುಸ್ತಕದಲ್ಲಿ ನಾವೇ ಹಾಗೆ ಬರೆಸುತ್ತೇವಲ್ಲ! ಪರದೆಯ ಮೇಲೆ 'ಊರು: ಕಮಾಂಡ್ ನಾಟ್ ಫೌಂಡ್' ಎಂದು ಬಂತು. "ಜಾಗ ಬಿಡಬೇಡಿ" ಎಂದು ಹೇಳಿ ಮುಂದೆ ಹೋದೆ. ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ "ಏಕೆ ಎಂದು ಹೇಳಲಿಲ್ಲ" ಎಂದಷ್ಟೇ ಬರೆದರು.

ಮರುಬೋಧನೆಯನ್ನು ಆ ದೋಷಸಂದೇಶದಿಂದಲೇ ಆರಂಭಿಸಿದೆ. ಶೆಲ್ ಸಾಲನ್ನು ಜಾಗವಿದ್ದಲ್ಲಿ ತುಂಡು ಮಾಡಿ ಓದುತ್ತದೆ, ಸಾಮಾನ್ಯವಾಗಿ ಮೊದಲ ತುಂಡನ್ನು ಆಜ್ಞೆಯೆಂದು ತಿಳಿಯುತ್ತದೆ. ಎರಡೂ ಬದಿ ಜಾಗ ಬಿಟ್ಟರೆ 'ಊರು' ಎಂಬುದೇ ಆಜ್ಞೆ. ಅಂಥ ಆಜ್ಞೆ ಇಲ್ಲವಾದ್ದರಿಂದ ದೂರು.

ಆಗ ಒಬ್ಬ ವಿದ್ಯಾರ್ಥಿನಿ, "ಸರ್, ನನಗೆ ಹಾಸನ ಸಿಗಲಿಲ್ಲ ಅಂತ ಬಂದಿತ್ತು" ಎಂದಳು. ಅವಳು ಸಮಚಿಹ್ನೆಯ ನಂತರ ಮಾತ್ರ ಜಾಗ ಬಿಟ್ಟಿದ್ದಳು. ಅಲ್ಲಿ ಊರಿಗೆ ಖಾಲಿ ಬೆಲೆ ಸಿಕ್ಕಿ, ಮುಂದಿನ ತುಂಡಾದ 'ಹಾಸನ' ಆಜ್ಞೆಯಾಗಿಬಿಡುತ್ತದೆ. ನನ್ನ ಯಾವ ಉದಾಹರಣೆಗಿಂತಲೂ ಅವಳ ತಪ್ಪು ಚೆನ್ನಾಗಿ ಪಾಠ ಮಾಡಿತು. ಪೂರ್ವಜ್ಞಾನದ ಅಂಕಣದಲ್ಲಿ ನೆರವಾಗುವುದರ ಜೊತೆಗೆ ಅಡ್ಡಬರುವುದನ್ನೂ ಈಗ ಬರೆಯುತ್ತಿದ್ದೇನೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಇಟ್ಟೆ: 'ಊರು=ಹಾಸನ ಜಿಲ್ಲೆ' ಎಂದು ಬರೆದರೆ ದೂರು ಯಾವ ಪದದ ಮೇಲೆ ಬರುತ್ತದೆ? ನಡೆಸಿ ನೋಡುವ ಮೊದಲೇ ಹಿಂದಿನ ಬೆಂಚಿನಿಂದ "ಜಿಲ್ಲೆ" ಎಂಬ ಉತ್ತರ ಬಂತು. ಎರಡೂ ಪದಗಳನ್ನು ಒಟ್ಟಿಗೆ ಹಿಡಿಯುವುದು ಹೇಗೆಂದು ಮಕ್ಕಳೇ ಕೇಳಿದರು; ಜೋಡಿ ಉದ್ಧರಣ ಚಿಹ್ನೆಯನ್ನು ಆಗ ತೋರಿಸಿದೆ. ಒಂಟಿ ಚಿಹ್ನೆಯೊಳಗೆ ಡಾಲರ್ ಹಾಕಿದರೆ ಬೆಲೆಯ ಬದಲು '$ಊರು' ಎಂದೇ ಮೂಡುವ ವಿಷಯವನ್ನು ಮುಂದಿನ ಅವಧಿಗೆ ಬಿಟ್ಟೆ.