ಓಟಿಪಿ ಯಾರ ಫೋನಿಗೆ ಬರುತ್ತದೆ?

ಗಂಡನ ಮನೆ ಬಿಟ್ಟು ಬಂದವಳನ್ನು ಎಲ್ಲರೂ ಕೇಳುವುದು ಕೈಯಲ್ಲಿ ದುಡ್ಡೆಷ್ಟಿದೆ ಎಂದು. ನನ್ನ ಹತ್ತಿರ ಯಾರಾದರೂ ಸಲಹೆಗೆಂದು ಬಂದರೆ ನಾನು ಕೇಳುವುದು ಬೇರೆ: ನಿನ್ನ ಓಟಿಪಿ ಯಾರ ಫೋನಿಗೆ ಬರುತ್ತದೆ?

ನನಗೆ ಬ್ಯಾಂಕ್ ಖಾತೆ ಇತ್ತು, ಪಾಸ್‌ಬುಕ್ಕಿನಲ್ಲಿ ನನ್ನದೇ ಫೋಟೊ ಇತ್ತು. ಖಾತೆಗೂ ಆಧಾರಿಗೂ ಜೋಡಿಸಿದ್ದ ಮೊಬೈಲ್ ನಂಬರು ಮಾತ್ರ ಗಂಡನದು. ಮದುವೆಯಾದ ಹೊಸತರಲ್ಲಿ ನನ್ನ ಹತ್ತಿರ ಫೋನಿರಲಿಲ್ಲ, ಅವನದನ್ನೇ ಬರೆಸಿದ್ದರು. ಐನೂರು ರೂಪಾಯಿ ತೆಗೆದರೂ ಮೆಸೇಜು ಅವನಿಗೆ ಹೋಗುತ್ತಿತ್ತು. ಸಂಜೆ ಲೆಕ್ಕ ಕೇಳುವುದು, ಲೆಕ್ಕ ತಾಳೆಯಾಗದಿದ್ದರೆ ಕೈ ಎತ್ತುವುದು. ಆ ಕಥೆಯನ್ನು ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಅದರಲ್ಲಿ ಹೊಸತೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಮದುವೆಯಾದ ಹೆಂಗಸರು ತೆಲಂಗಾಣದಲ್ಲಿ ನೂರಕ್ಕೆ ಸುಮಾರು 37, ಕರ್ನಾಟಕದಲ್ಲಿ 44. ನಾನು ತೆಲಂಗಾಣದಲ್ಲಿ ಹುಟ್ಟಿ ಕರ್ನಾಟಕಕ್ಕೆ ಸೊಸೆಯಾಗಿ ಹೋದವಳು, ಯಾವ ಲೆಕ್ಕಕ್ಕೆ ಸೇರಿಸುತ್ತಾರೋ. ಹಣ ಕೊಡದೆ ಕಾಡುವುದು, ಅವಳ ದುಡ್ಡನ್ನು ಅವಳಿಗೇ ಮುಟ್ಟಗೊಡದಿರುವುದು ಕೂಡ ದೌರ್ಜನ್ಯ ಎಂದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೇಳುತ್ತದೆ. ಇದು ನನಗೆ ಗೊತ್ತಾದದ್ದು ತವರಿಗೆ ಬಂದ ಮೇಲೆ.

ಅದಕ್ಕೇ ನಾನು ಹೇಳುವ ಮೊದಲ ಖರ್ಚು ಒಂದು ಹೊಸ ಸಿಮ್ಮು. ಎರಡನೆಯದು ಆಧಾರ್ ಕೇಂದ್ರದ ಶುಲ್ಕ; ಐವತ್ತು ಇದ್ದದ್ದು 2025ರ ಅಕ್ಟೋಬರ್‌ನಿಂದ 75 ರೂಪಾಯಿ. ನಂಬರು ಬದಲಿಸಲು ಹಳೆಯ ಫೋನೂ ಬೇಡ, ಗಂಡನ ಸಹಿಯೂ ಬೇಡ, ಕೇಂದ್ರಕ್ಕೆ ಹೋಗಿ ಬೆರಳು ಒತ್ತಿದರೆ ಸಾಕು. ಆಮೇಲೆ ಬ್ಯಾಂಕಿನಲ್ಲೂ ನಂಬರು ಬದಲಿಸಬೇಕು. ಜಂಟಿ ಖಾತೆಯಿದ್ದರೆ ಅದನ್ನು ಹಾಗೇ ಬಿಟ್ಟು, ಬೇರೆ ಬ್ಯಾಂಕಿನಲ್ಲಿ ಒಬ್ಬಳದೇ ಖಾತೆ ತೆರೆಯುವುದು ವಾಸಿ.

ವಿಳಾಸದ ವಿಷಯ ನಮ್ಮ ಕಡೆಯವರಿಗೆ ಇನ್ನಷ್ಟು ತೊಡಕು. 1956ರ ನವೆಂಬರ್‌ಗೆ ಮುಂಚೆ, ಈಗ ತೆಲಂಗಾಣದಲ್ಲಿರುವ ನಾರಾಯಣಖೇಡ, ಜಹೀರಾಬಾದ್ ತಾಲೂಕುಗಳು ಬೀದರ್ ಜಿಲ್ಲೆಯಲ್ಲೇ ಇದ್ದವು. ಗಡಿ ಗೀಚಿದ ಮೇಲೂ ನನ್ನ ತವರೂರು ಮನೂರಿನವರು ಬೀದರ್ ಕಡೆ ಹೆಣ್ಣು ಕೊಡುವುದನ್ನು, ಆ ಕಡೆಯಿಂದ ತರುವುದನ್ನು ಬಿಟ್ಟಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಹೆಣ್ಣು ವಾಪಸು ಬಂದಾಗಲೇ ನಡುವೆ ಎರಡು ಸರ್ಕಾರಗಳಿವೆ ಎಂಬುದು ನೆನಪಾಗುವುದು. ಬೀದರ್ ಜಿಲ್ಲೆಯ ವಿಳಾಸದ ಆಧಾರ್ ಕಾರ್ಡಿಗೆ 2023ರ ಜೂನ್‌ನಿಂದ ಕರ್ನಾಟಕದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಅದೇ ಕಾರ್ಡು ತೋರಿಸಿದರೆ ನಾರಾಯಣಖೇಡದ ಬಸ್ಸಿನಲ್ಲಿ ಪೂರ್ತಿ ಟಿಕೆಟ್. ತೆಲಂಗಾಣದ ಉಚಿತ ಬಸ್ಸಿನ ಮಹಾಲಕ್ಷ್ಮಿ ಯೋಜನೆ ಅದೇ ವರ್ಷದ ಡಿಸೆಂಬರ್ 9ರಿಂದ ಇದ್ದರೂ ಅದು ಈ ರಾಜ್ಯದ ವಿಳಾಸವಿದ್ದವರಿಗೆ. ವಿಳಾಸ ತಿದ್ದಿಸಿದರೆ ಕರ್ನಾಟಕದ ಗೃಹಲಕ್ಷ್ಮಿ ಎರಡು ಸಾವಿರ ಹೋಗುತ್ತದೆ ಎಂದು ಕೆಲವರು ಹೆದರಿಸಿದರು. ಗಂಡನ ಮನೆಯಲ್ಲಿ ಅದು ಬರುತ್ತಿದ್ದದ್ದು ಅತ್ತೆಯ ಹೆಸರಿಗೆ. ನನಗೆ ಹೋಗುವುದೇನಿತ್ತು?

ಅವ್ವನ ಆಧಾರ್ ತೋರಿಸಿ, ಸಂಬಂಧ ಸಾಬೀತು ಮಾಡುವ ಒಂದು ದಾಖಲೆ ಜೊತೆಗಿಟ್ಟು ವಿಳಾಸ ಬದಲಿಸಿದೆ. ಮನೆಯ ಹಿರಿಯರ ಆಧಾರಿನ ಮೇಲೆ ಹೀಗೆ ಬದಲಿಸುವ ಅನುಕೂಲ 2023ರಿಂದ ಇದೆ. ರೇಷನ್ ಕಾರ್ಡು ಮಾತ್ರ ಸತಾಯಿಸಿತು. ಅಲ್ಲಿ ಹೆಸರು ತೆಗೆಸದೆ ಇಲ್ಲಿ ಸೇರುವುದಿಲ್ಲ, ಅಲ್ಲಿ ಹೆಸರು ತೆಗೆಸಲು ಆ ಮನೆಯವರು ಮನಸ್ಸು ಮಾಡುವುದಿಲ್ಲ. ಮಗಳ ಶಾಲೆಗೆ ಇಂಥ ಕಾಟವಿರಲಿಲ್ಲ. ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಕನ್ನಡ ಶಾಲೆಯ ಹುಡುಗಿ ತೆಲುಗು ಅಕ್ಷರ ತಿದ್ದಿ ಕಲಿಯುವುದಕ್ಕೆ ಟ್ಯೂಷನ್ ಫೀಸು ಕಟ್ಟಿದ್ದು ಬೇರೆ ಮಾತು. ಅದು ಯಾವ ಯೋಜನೆಯ ಬಜೆಟ್ಟಿನಲ್ಲೂ ಬರುವುದಿಲ್ಲ.

ಇನ್ನು ತವರು. ಇದರ ಬಗ್ಗೆ ಹಣಕಾಸಿನ ಅಂಕಣಗಳಲ್ಲಿ ಯಾರೂ ಬರೆದದ್ದನ್ನು ನಾನು ಓದಿಲ್ಲ. ಅಕ್ಕ ಬಂದಳು ಅಂದರೆ ತಮ್ಮನಿಗೆ ಮೊದಲು ಕಣ್ಣೀರು ಬರುತ್ತದೆ, ಅದು ನಿಜವಾದ ಕಣ್ಣೀರು. ತಿಂಗಳು ಕಳೆದ ಮೇಲೆ ಹೊಲದ ನೆನಪು ಬರುತ್ತದೆ. ಅಪ್ಪ ತೀರಿಕೊಂಡಿದ್ದರು, ಹೊಲ ಇನ್ನೂ ಹಂಚಿಕೆಯಾಗಿರಲಿಲ್ಲ. ಒಂದು ದಿನ ತಮ್ಮ, ಮುಖ ಬೇರೆ ಕಡೆ ತಿರುಗಿಸಿಕೊಂಡು, "ಯಕ್ಕಾ, ನೀ ಇರು, ಯಾರ್ ಬ್ಯಾಡಂತಾರ? ಆದ್ರ ಒಂದ್ ಸಹಿ ಮಾಡಿಬಿಡು, ನಾಳಿಗಿ ಜಗಳ ಬ್ಯಾಡ" ಎಂದ. ಹೊಲದ ಮೇಲಿನ ಹಕ್ಕು ಬಿಟ್ಟುಕೊಟ್ಟೆ ಎಂಬ ಕಾಗದಕ್ಕೆ ಸಹಿ. ಅವ್ವ ರಾತ್ರಿ ಪಕ್ಕದಲ್ಲಿ ಮಲಗಿ, "ಪಾಲಿನ ಮಾತು ತೆಗಿಬ್ಯಾಡವ್ವ, ತವರ ಬಾಗಲ ಮುಚ್ತದ" ಎಂದಳು.

ಅವ್ವನ ಭಯ ಸುಳ್ಳಲ್ಲ. ಕಾನೂನು ನನ್ನ ಕಡೆ ಇತ್ತು: ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು, 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದಿತು. ತಂದೆಯ ಸ್ವಂತ ಗಳಿಕೆಯಾದರೂ ವಿಲ್ ಇಲ್ಲದಿದ್ದರೆ ಹೆಂಡತಿ, ಮಗ, ಮಗಳು ಸಮಪಾಲು. ಆದರೆ ಕಾನೂನು ಹಿಡಿದು ತಮ್ಮನ ಮನೆಯಲ್ಲಿ ಊಟಕ್ಕೆ ಕೂರಲಾಗುವುದಿಲ್ಲ. ನಾನು ಸಹಿ ಹಾಕಲಿಲ್ಲ, ಪಾಲೂ ಕೇಳಲಿಲ್ಲ. ತಿಂಗಳಿಗೆ ಎರಡೂವರೆ ಸಾವಿರ ಕೊಡುತ್ತೇನೆ ಎಂದೆ. ಅದನ್ನು ತಮ್ಮನ ಕೈಗೆ ಕೊಡುವುದಿಲ್ಲ, ಅವನ ಹೆಂಡತಿಯ ಫೋನಿಗೆ ಹಾಕುತ್ತೇನೆ. ನಾನೂ ಮಗಳೂ ಬಂದದ್ದರಿಂದ ಹೆಚ್ಚು ರೊಟ್ಟಿ ತಟ್ಟಬೇಕಾಗಿ ಬಂದದ್ದು ಅವಳಿಗೆ, ತಮ್ಮನಿಗಲ್ಲ. ಮೊದಲ ತಿಂಗಳು "ಬ್ಯಾಡ ಯಕ್ಕಾ" ಎಂದಳು. ಮುಂದಿನ ತಿಂಗಳು ಸುಮ್ಮನಾದಳು. ಈಗ ಒಂದನೇ ತಾರೀಖು ದಾಟಿದರೆ ಸಾಕು, ನೆಟ್‌ವರ್ಕ್ ಇಲ್ಲವೇನೋ ಎಂದು ನನ್ನ ಫೋನಿನ ಯೋಗಕ್ಷೇಮ ವಿಚಾರಿಸುತ್ತಾಳೆ. ನನಗದು ಸಮಾಧಾನ. ಬಾಡಿಗೆ ಕೊಡುವವಳನ್ನು ಹೊರಗೆ ಹೋಗು ಅನ್ನುವುದು ಕಷ್ಟ, ಅನ್ನ ತಿನ್ನುವವಳನ್ನು ಅನ್ನುವುದು ಸುಲಭ.

ಇಂಥ ಸಹಿಯನ್ನು ಮೊದಲ ಎರಡು ಮೂರು ವರ್ಷ ಯಾರೂ ಹಾಕಬಾರದು ಎಂದೇ ನನ್ನ ಅಭಿಪ್ರಾಯ. ರಿಜಿಸ್ಟರ್ ಆಗದ ಬಾಂಡ್ ಪೇಪರಿಗೆ ಬೆಲೆ ಇಲ್ಲ ಅಂತ ಹೇಳಿ ಹಾಕಿಸಿಕೊಳ್ಳುತ್ತಾರೆ. ಬೆಲೆ ಇಲ್ಲದ್ದಾದರೆ ಹಾಕಿಸಿಕೊಳ್ಳುವುದೇಕೆ?

ಜೀವನಾಂಶದ ಅರ್ಜಿಯನ್ನು ಗಂಡನ ಊರಿಗೇ ಹೋಗಿ ಹಾಕಬೇಕು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಬೇಕಾಗಿಲ್ಲ. ಕೌಟುಂಬಿಕ ಹಿಂಸೆ ಕಾಯ್ದೆಯ 27ನೇ ಕಲಮಿನ ಪ್ರಕಾರ ಹೆಣ್ಣುಮಗಳು ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೂ ಅರ್ಜಿ ಹಾಕಬಹುದು, ಅಲ್ಲಿನ ಆದೇಶ ದೇಶದಲ್ಲೆಲ್ಲ ನಡೆಯುತ್ತದೆ. ಕ್ರೌರ್ಯದ ಕೇಸನ್ನೂ ಆಶ್ರಯ ಪಡೆದ ಊರಿನಲ್ಲಿ ಹಾಕಬಹುದು ಎಂದು 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದಿನಗೂಲಿಯವಳಿಗೆ ಇದು ದೊಡ್ಡ ಹಣಕಾಸಿನ ವಿಷಯ. ಪ್ರತಿ ತಾರೀಖಿಗೆ ಗಡಿ ದಾಟಿದರೆ ಬಸ್ಸಿನ ಖರ್ಚಿಗಿಂತ ತಪ್ಪಿದ ಕೂಲಿಯೇ ಹೆಚ್ಚು. ವಕೀಲರ ಫೀಸಿನ ಭಯವೂ ಬೇಡ. 1987ರ ಕಾನೂನು ಸೇವಾ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡುತ್ತಾರೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ನೊಂದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರದ ದಾರಿ ಹೇಳುತ್ತಾರೆ.

ಎದುರು ಪಕ್ಷ ಹೇಳುವುದು ಒಂದೇ, ನನಗೆ ಆದಾಯವೇ ಇಲ್ಲ ಎಂದು. 2020ರ ನವೆಂಬರ್‌ನಲ್ಲಿ ಬಂದ ರಜನೀಶ್ ವಿರುದ್ಧ ನೇಹಾ ತೀರ್ಪಿನಿಂದ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಕೊಡಲೇಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಕರ್ನಾಟಕದ ಕಡೆ ಗಂಡನಿರುವವರಿಗೆ ಇನ್ನೊಂದು ಅನುಕೂಲವಿದೆ. ಅಲ್ಲಿನ ಪಹಣಿಯನ್ನು ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಸರ್ವೆ ನಂಬರು ಗೊತ್ತಿದ್ದರೆ ಎಷ್ಟು ಎಕರೆ, ಯಾವ ಬೆಳೆ ಎಲ್ಲ ಅಲ್ಲೇ ಸಿಗುತ್ತದೆ. ತೊಗರಿ, ಸೋಯಾ ಬೆಳೆಯುವ ಹೊಲ ಕಾಗದದಲ್ಲಿ ಕಾಣುತ್ತಿರುವಾಗ ಆದಾಯವಿಲ್ಲ ಎನ್ನುವುದಕ್ಕೆ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಆದೇಶ ಬಂತೆಂದರೆ ಹಣ ಬಂತೆಂದಲ್ಲ. ನಾನು ಲೆಕ್ಕ ಬರೆಯುವುದು ನಾರಾಯಣಖೇಡದ ಒಂದು ಅಡತಿ ಅಂಗಡಿಯಲ್ಲಿ. ಅಲ್ಲಿ ಉದ್ರಿಯ ವಹಿ ಬೇರೆ, ನಗದಿನ ವಹಿ ಬೇರೆ. ರೈತ ಎಷ್ಟೇ ನಂಬಿಗಸ್ತನಾದರೂ ಉದ್ರಿಯನ್ನು ನಗದಿನಲ್ಲಿ ಬರೆಯುವುದಿಲ್ಲ. ಜೀವನಾಂಶವನ್ನು ನಾನು ಉದ್ರಿ ವಹಿಯಲ್ಲಿ ಬರೆದೆ. ಮಗಳ ಫೀಸು, ಮನೆಗೆ ಕೊಡುವುದು, ಔಷಧ ಎಲ್ಲವೂ ಹನ್ನೊಂದು ಸಾವಿರದ ನನ್ನ ಪಗಾರದಲ್ಲೇ ನಡೆಯಬೇಕು ಎಂದು ಲೆಕ್ಕ ಹಾಕಿದೆ. ಜೀವನಾಂಶ ಯಾವಾಗಲಾದರೂ ಬಂದರೆ ನೇರ ಪೋಸ್ಟಾಫೀಸಿನ ಆರ್‌ಡಿಗೆ. ಹಾಗೆಂದು ಬಾಕಿಯನ್ನು ಬಿಟ್ಟುಬಿಡಬಾರದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144, ಇದರಡಿ ಕೊಡದ ಕಂತಿನ ವಸೂಲಿಗೆ ಅದು ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮುನಿಸಿನಲ್ಲಿ, ಅವನ ದುಡ್ಡೇ ಬೇಡ ಎಂದು ಕೂತವರು ಆ ಗಡುವು ದಾಟಿಸಿಕೊಂಡದ್ದನ್ನು ಕಂಡಿದ್ದೇನೆ. ಅದು ಅವನ ದುಡ್ಡಲ್ಲ, ಮಗುವಿನ ದುಡ್ಡು.

ತವರಿನಿಂದ ಹಾಕಿದ ಬಂಗಾರವೂ ಹೀಗೇ. ಅದು ಸ್ತ್ರೀಧನ, ಗಂಡನ ಮನೆಯವರ ಬೀರುವಿನಲ್ಲಿದ್ದರೂ ಅವಳದೇ ಎಂದು 1985ರ ಪ್ರತಿಭಾ ರಾಣಿ ತೀರ್ಪಿನಲ್ಲಿ ಇತ್ಯರ್ಥವಾಗಿದೆ. ಹಿಂತಿರುಗಿಸುವಂತೆ ಮ್ಯಾಜಿಸ್ಟ್ರೇಟರು ಹೇಳಬಹುದು. ಮದುವೆ ಫೋಟೊಗಳು, ಅಕ್ಕಸಾಲಿಯ ಚೀಟಿ ಹುಡುಕಿಡಿ. ಮೈಮೇಲೆ ಉಳಿದದ್ದನ್ನು ಏನು ಮಾಡಬೇಕು ಎಂದರೆ, ಊರಿನ ಸಾವುಕಾರರ ಹತ್ತಿರ ಮಾತ್ರ ಒತ್ತೆ ಇಡಬೇಡಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳುವುದಕ್ಕೆ ಸಣ್ಣದು, ವರ್ಷಕ್ಕೆ ಮೂವತ್ತಾರು. ಬ್ಯಾಂಕಿನಲ್ಲಿ ಇಡಿ. ತೀರಿಸುವ ದಾರಿ ಕಾಣದಿದ್ದರೆ ಒಂದು ಒಡವೆ ಮಾರಿಬಿಡುವುದೇ ಮೇಲು. ನಾನು ಬಳೆ ಮಾರಿದೆ. ಅವ್ವ ಅತ್ತಳು, ನನಗೆ ಅಳು ಬರಲಿಲ್ಲ; ಆ ದುಡ್ಡಿನಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ಕಲಿತೆ.

ಆಗ ಎಲ್ಲರೂ ಹೊಲಿಗೆ ಮಷಿನು ತಗೋ ಎಂದಿದ್ದರು. ಗಂಡ ಬಿಟ್ಟವಳು ಅಂದರೆ ಹೊಲಿಗೆ ಮಷಿನು ಎಂದು ಯಾರು ಬರೆದಿಟ್ಟರೋ ತಿಳಿಯದು. ನಮ್ಮ ಓಣಿಯಲ್ಲೇ ಜಂಪರು ಹೊಲಿಯುವವರು ಬೇಕಾದಷ್ಟಿದ್ದಾರೆ, ಹೊಲಿಸುವವರು ಅಷ್ಟಿಲ್ಲ. ಸಂಘದ ಸಾಲ ಸಿಗುತ್ತದೆ ಎಂಬ ಕಾರಣಕ್ಕೆ ಕಸುಬು ಆರಿಸಿಕೊಳ್ಳಬಾರದು. ಜಹೀರಾಬಾದ್ ಹತ್ತಿರದ ಪಸ್ತಾಪುರದ ಕಡೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಂಗಸರು, ಎಷ್ಟೋ ಜನ ಗಂಡನಿಲ್ಲದವರು, ತಮಗೆ ಗೊತ್ತಿದ್ದ ಜೋಳ ನವಣೆಯನ್ನೇ ಹಿಡಿದು, ಬೀಜ ಕೂಡಿಟ್ಟು ಬದುಕು ಕಟ್ಟಿಕೊಂಡರು. ನನಗೆ ಹೊಲದ ಕೆಲಸ ಬಾರದು, ಲೆಕ್ಕ ಬರುತ್ತದೆ.

ತೆಲಂಗಾಣ ಸರ್ಕಾರ ಒಂಟಿ ಹೆಂಗಸರಿಗೆ ಕೊಡುವ ಒಂಟರಿ ಮಹಿಳಾ ಪಿಂಚಣಿ 2017ರಲ್ಲಿ ತಿಂಗಳಿಗೆ ಸಾವಿರ ರೂಪಾಯಿಗೆ ಶುರುವಾಗಿ 2019ರಲ್ಲಿ 2,016 ಆಯಿತು. ಅದಕ್ಕೆ ಗಂಡನಿಂದ ಬೇರೆಯಾಗಿ ಒಂದು ವರ್ಷ ಆಗಿರಬೇಕು, ಹಳ್ಳಿಯಲ್ಲಿ ವರ್ಷದ ಆದಾಯ ಒಂದೂವರೆ ಲಕ್ಷದೊಳಗಿರಬೇಕು. ದುಡ್ಡು ಅತಿ ಹೆಚ್ಚು ಬೇಕಾಗಿರುವ ಮೊದಲ ವರ್ಷವನ್ನೇ ಬಿಟ್ಟು ಎರಡನೆಯ ವರ್ಷದಿಂದ ಕೊಡುವ ಈ ನಿಯಮ ನನಗೆ ಅರ್ಥವಾಗಿಲ್ಲ. ಆದರೂ ಬೇರೆಯಾದ ದಿನಾಂಕ ಯಾವುದಾದರೂ ಕಾಗದದಲ್ಲಿ ಇರುವಂತೆ ನೋಡಿಕೊಳ್ಳಿ, ಪೊಲೀಸ್ ಠಾಣೆಯ ಸ್ವೀಕೃತಿಯೋ, ಸಖಿ ಕೇಂದ್ರದ ಚೀಟಿಯೋ.

ಕೊನೆಗೆ ಉಳಿಯುವುದು ನಾಮಿನಿ. ನಾನೊಬ್ಬಳೇ ದುಡಿಯುವವಳು ಎಂದು ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ, 20 ರೂಪಾಯಿಯ ಸುರಕ್ಷಾ ವಿಮೆ ಮಾಡಿಸಲು ಹೋದಾಗ ಹಳೆಯ ಖಾತೆಯಲ್ಲಿ ನಾಮಿನಿ ಗಂಡನೇ ಎಂಬುದು ಕಂಡಿತು. ಮಗಳ ಹೆಸರು ಹಾಕಿಸಿದೆ; ಅವಳು ಅಪ್ರಾಪ್ತಳಾದ್ದರಿಂದ ಹಣ ಪಡೆದುಕೊಳ್ಳುವ ದೊಡ್ಡವರೊಬ್ಬರ ಹೆಸರು ಬೇಕೆಂದರು, ಅವ್ವನದು ಕೊಟ್ಟೆ. ಅಷ್ಟಕ್ಕೇ ಮುಗಿಯುವುದಿಲ್ಲ. ವಿಚ್ಛೇದನ ಆಗುವ ತನಕ ಅವನು ಗಂಡನೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಲ್ಲಿ, ವಿಲ್ ಬರೆಯದೆ ಸತ್ತ ಹೆಣ್ಣುಮಗಳ ಆಸ್ತಿ ಮಕ್ಕಳಿಗೂ ಗಂಡನಿಗೂ ಸಮನಾಗಿ ಹೋಗುತ್ತದೆ. ಆರ್‌ಡಿಯಲ್ಲಿ ಕೂಡಿಟ್ಟದ್ದು, ಮುಂದೊಂದು ದಿನ ಬರಬಹುದಾದ ಹೊಲದ ಪಾಲು, ಎಲ್ಲದರಲ್ಲೂ ಅವನಿಗೆ ಅರ್ಧ, ಮಗಳಿಗೆ ಅರ್ಧ. ಅದನ್ನು ತಪ್ಪಿಸಲು ವಿಲ್ ಬರೆದಿಡಬೇಕು. ವಿಲ್ಲಿಗೆ ಸ್ಟ್ಯಾಂಪ್ ಪೇಪರ್ ಬೇಡ, ರಿಜಿಸ್ಟ್ರೇಷನ್ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಬರೆದು, ಅದರಿಂದ ಏನೂ ಪಡೆಯದ ಇಬ್ಬರ ಎದುರು ಸಹಿ ಮಾಡಿ, ಅವರಿಂದಲೂ ಮಾಡಿಸಿದರೆ ಸಾಕು. ನನ್ನದಕ್ಕೆ ಅಡತಿ ಅಂಗಡಿಯ ಮಾಲಕರೂ ಊರಿನ ಅಂಗನವಾಡಿ ಟೀಚರಮ್ಮನೂ ಸಾಕ್ಷಿ ಹಾಕಿದ್ದಾರೆ.